ಲೈಬ್ರರಿ ಕೋಡನ್ನು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಪ್ರಾಜೆಕ್ಟ್ ಒಳಗೇ ಇಟ್ಟುಕೊಳ್ಳೋದಾ, ಪ್ರತಿ ಸಲ ಹೊರಗಿನಿಂದ ತರಿಸೋದಾ?

ಹುಬ್ಬಳ್ಳಿ_ಪೈಥಾನ್:
ಬ್ಯಾಡಗಿಯ ಒಂದು ದಲಾಲಿ ಅಂಗಡಿಗೆ ಪಟ್ಟಿ ಮಾಡುವ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೇನೆ. ಚೀಲ, ತೂಕ, ದರ ಹಾಕಿದರೆ ರೈತರ ಹೆಸರಲ್ಲಿ ಕನ್ನಡದಲ್ಲೇ ಪಿಡಿಎಫ್ ಬರುತ್ತದೆ. ಹೋದ ವಾರ ಅಲ್ಲಿನ ಕಂಪ್ಯೂಟರಿನ ಮದರ್‌ಬೋರ್ಡ್ ಹೋಯಿತು, ಹೊಸ ಕಂಪ್ಯೂಟರ್ ತಂದರು, ನಾನು ಹೋಗಿ ಎಲ್ಲಾ ಮತ್ತೆ ಹಾಕಿದೆ, ಪೈಥಾನ್ ಲೈಬ್ರರಿ ತರಿಸುವ ಪಿಪ್ ಹೊಸ ವರ್ಷನ್ ಲೈಬ್ರರಿಗಳನ್ನು ಎಳೆದುಕೊಂಡು ಬಂತು, ನಾನೂ ಒಂದು ಪ್ರಿಂಟ್ ತೆಗೆದು ನೋಡದೆ ಬಸ್ ಹತ್ತಿದೆ. ಮರುದಿನ ಟೆಂಡರ್. ಒತ್ತಕ್ಷರ ಎಲ್ಲಾ ಕಳಚಿ 'ಬ್ಯಾಡಗಿ' ಅನ್ನೋದು 'ಬ್‌ಯಾಡಗಿ' ಆಗಿತ್ತು. ಮಾಲೀಕರು ಫೋನ್ ಮಾಡಿ "ತಮ್ಮಾ, ಊರಿನ ಹೆಸರೇ ಮುರಿದಿಯಲ್ಲೋ" ಅಂದರು. ಇನ್ಮೇಲೆ ಲೈಬ್ರರಿ ಕೋಡ್ ಪೂರ್ತಿ ನನ್ನ ಪ್ರಾಜೆಕ್ಟಿಗೇ ಕಾಪಿ ಮಾಡಿಬಿಡಲಾ?

ಧಾರವಾಡ_ಫೇಡಾ:
ಮಾಡಿಬಿಡಿ. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಅನ್ನೋ 11 ಸಾಲಿನ ಕೋಡನ್ನು ಅದನ್ನು ಬರೆದವರೇ ಎನ್‌ಪಿಎಂನಿಂದ (ಜಾವಾಸ್ಕ್ರಿಪ್ಟ್ ಲೈಬ್ರರಿಗಳ ಆನ್‌ಲೈನ್ ಭಂಡಾರ) ತೆಗೆದರು, ಎಲ್ಲೆಲ್ಲಿಯದೋ ಬಿಲ್ಡ್‌ಗಳು, ಅಂದರೆ ಕೋಡ್ ಜೋಡಿಸಿ ಸಾಫ್ಟ್‌ವೇರ್ ಸಿದ್ಧ ಮಾಡೋ ಕೆಲಸ, ನಿಂತವು. ಎಸ್‌ಕ್ಯೂಲೈಟ್ ಡೇಟಾಬೇಸ್‌ನವರಂತೂ ಎಲ್ಲಾ ಸೇರಿಸಿ ಒಂದೇ ಸಿ ಫೈಲ್ ಮಾಡಿ ಕೊಡ್ತಾರೆ, ನಿಮ್ಮ ಪ್ರಾಜೆಕ್ಟಿಗೆ ಹಾಕಿಕೊಳ್ಳಿ ಅಂತ. ಲೈಸೆನ್ಸ್ ಫೈಲ್ ಮಾತ್ರ ಜೊತೆಗಿಡಿ.

ಗದಗ_ಸಿಸ್ಅಡ್ಮಿನ್:
ಬೇಡ್ರಿ. 2023ರ ಸೆಪ್ಟೆಂಬರ್‌ನಲ್ಲಿ ಚಿತ್ರ ತೋರಿಸೋ ಲಿಬ್‌ವೆಬ್‌ಪಿ ಲೈಬ್ರರಿಯಲ್ಲಿ ಭದ್ರತೆಯ ತೂತು ಸಿಕ್ಕಾಗ ಏನಾಯಿತು? ಕ್ರೋಮ್ ಒಳಗೆ ಒಂದು ಕಾಪಿ, ಫೈರ್‌ಫಾಕ್ಸ್ ಒಳಗೆ ಒಂದು, ಎಲೆಕ್ಟ್ರಾನ್ ಆ್ಯಪ್‌ಗಳಲ್ಲಿ (ಒಳಗೇ ಬ್ರೌಸರ್ ಇಟ್ಟುಕೊಂಡಿರೋ ಆ್ಯಪ್‌ಗಳು) ತಲೆಗೊಂದು. ಒಂದೊಂದನ್ನೂ ಬೇರೆ ಬೇರೆ ಅಪ್‌ಡೇಟ್ ಮಾಡಬೇಕಾಯಿತು. ನನ್ನದೇ ಕಥೆ ಹೇಳ್ತೀನಿ. ಹಳೇ ಕೆಲಸದಲ್ಲಿ ಹೀಗೇ ಒಂದು ಲೈಬ್ರರಿ ಕಾಪಿ ಮಾಡಿ, ಅದರೊಳಗೆ ಎರಡು ಸಾಲು ತಿದ್ದಿ, ಯಾರಿಗೂ ಹೇಳಲಿಲ್ಲ, ಎಲ್ಲೂ ಬರೆದಿಡಲೂ ಇಲ್ಲ. ಆಮೇಲೆ ಅಪ್‌ಡೇಟ್ ಹಾಕಿದವರು ನನ್ನ ತಿದ್ದುಪಡಿ ಅಳಿಸಿ ಮೂರು ದಿನ ತಲೆ ಕೆರೆದುಕೊಂಡರು. ನಾನು ಪಕ್ಕದಲ್ಲೇ ಕೂತಿದ್ದೆ, ನನಗೂ ನೆನಪಾಗಲಿಲ್ಲ!

ಹಾವೇರಿ_ಏಲಕ್ಕಿ:
ಇಬ್ಬರದೂ ಸರಿ, ಆದರೆ ರೋಗ ಬೇರೆ ಕಡೆ ಇದೆ. ನೀವು ಇಂಥದ್ದೇ ವರ್ಷನ್ ಬೇಕು ಅಂತ ಕಟ್ಟಿಹಾಕಿಲ್ಲ, ಅಲ್ವಾ? ಹೊಸದು ಅಂದರೆ ಒಳ್ಳೇದು ಅಂತಲ್ಲ. 2024ರಲ್ಲಿ ಫೈಲ್ ಕುಗ್ಗಿಸೋ ಎಕ್ಸ್‌ಝಡ್ ಸಾಫ್ಟ್‌ವೇರಿನ 5.6.0, 5.6.1 ವರ್ಷನ್ ಒಳಗೆ ಕಳ್ಳಬಾಗಿಲು ಇಟ್ಟಿದ್ದರು, ಹಳೇದರಲ್ಲೇ ಇದ್ದವರು ಬಚಾವ್. ಇನ್ನೊಂದು, ಒತ್ತಕ್ಷರ ಕೂಡಿಸೋದು ಸಾಮಾನ್ಯವಾಗಿ ಹಾರ್ಫ್‌ಬಝ್ ಥರದ ಸಿ++ ಕೋಡ್. ಸುಮ್ನೆ ಪೈಥಾನ್ ಫೈಲ್ ಕಾಪಿ ಮಾಡಿದರೆ ಅದು ಹಿಂದೆ ಬರಲ್ಲ. 'ಪಿಪ್ ಡೌನ್‌ಲೋಡ್' ಕಮಾಂಡ್ ಕೊಟ್ಟು ವೀಲ್ ಫೈಲ್‌ಗಳನ್ನೇ (ಇನ್‌ಸ್ಟಾಲ್‌ಗೆ ಸಿದ್ಧವಾಗಿ ಕಟ್ಟಿಟ್ಟ ಲೈಬ್ರರಿ) ಒಂದು ಫೋಲ್ಡರಿನಲ್ಲಿಡಿ, ಪೈಥಾನ್ ಇನ್‌ಸ್ಟಾಲರ್ ಕೂಡ. ಇನ್‌ಸ್ಟಾಲ್ ಮಾಡುವಾಗ ಆ ಫೋಲ್ಡರ್ ತೋರಿಸಿ 'ನೋ-ಇಂಡೆಕ್ಸ್' ಆಯ್ಕೆ ಕೊಟ್ಟರೆ ನೆಟ್ ಮುಟ್ಟೋದೇ ಇಲ್ಲ. ಕೋಡ್ ತಿದ್ದಬೇಡಿ.

ಹುಬ್ಬಳ್ಳಿ_ಪೈಥಾನ್:
ಹಳೇ ಡಿಸ್ಕ್ ಬಿಚ್ಚಿ ನನ್ನ ಲ್ಯಾಪ್‌ಟಾಪಿಗೆ ಹಚ್ಚಿ ನೋಡಿದೆ, ಪೈಥಾನ್ ಲೈಬ್ರರಿಗಳು ಕೂರುವ ಸೈಟ್-ಪ್ಯಾಕೇಜಸ್ ಫೋಲ್ಡರ್ ಒಳಗೆ ಹಳೇ ವರ್ಷನ್ ನಂಬರ್ ಸಿಕ್ಕಿತು. ಅದನ್ನೇ ಹಾಕಿದೆ, ಒತ್ತು ಜಾಗಕ್ಕೆ ಕೂತವು. ವೀಲ್ ಫೈಲ್‌ಗಳ ಪೆನ್‌ಡ್ರೈವ್ ಈಗ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿದೆ. ಗದಗಿನ ಸರ್, ಅಪ್‌ಡೇಟ್ ನೋಡೋದು ಸೀಸನ್ ಮುಗಿದ ಮೇಲೆ, ಈಗ ಮುಟ್ಟಿದರೆ ಮಾಲೀಕರು ಒಳಗೇ ಬಿಡಲ್ಲ.