ಆರನೇ ಕ್ಲಾಸಿನ ಮಕ್ಕಳಿಂದ ಸ್ವಂತವಾಗಿ ಬರೆಸೋದು ಹೇಗೆ?

ಪಾವಗಡ_ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಪಾವಗಡ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಆರನೇ ಕ್ಲಾಸಿನ ಮಕ್ಕಳು. ಓದಲು ಬರುತ್ತದೆ, ಕಾಗುಣಿತವೂ ಪರವಾಗಿಲ್ಲ. ಆದರೆ ಏನಾದರೂ ಸ್ವಂತವಾಗಿ ಬರೆಯಿರಿ ಅಂದರೆ ಮುಗೀತು. ಮೊನ್ನೆ 'ಮಳೆಗಾಲದ ಒಂದು ದಿನ' ಅಂತ ಕೊಟ್ಟೆ. ಎಲ್ಲ ಪುಸ್ತಕದಲ್ಲೂ ಒಂದೇ ಪೀಠಿಕೆ: 'ಮಳೆಯು ಪ್ರಕೃತಿಯು ನಮಗೆ ನೀಡಿದ ಅಮೂಲ್ಯ ಕೊಡುಗೆಯಾಗಿದೆ.' ಆಮೇಲೆ ನದಿಗಳು ತುಂಬಿ ಹರಿದವು, ನವಿಲು ಗರಿ ಬಿಚ್ಚಿ ಕುಣಿಯಿತು. ಮೋಡ ನೋಡಿ ನೋಡಿ ಕತ್ತು ನೋಯಿಸಿಕೊಳ್ಳುವ ಊರು ನಮ್ಮದು. ಇಲ್ಲಿ ಯಾವ ನದಿ ತುಂಬಿತ್ತು ಸ್ವಾಮಿ?

ಇನ್ನೊಂದು ವಿಷಯ. ಅರ್ಧಕ್ಕಿಂತ ಜಾಸ್ತಿ ಮಕ್ಕಳ ಮನೆಮಾತು ತೆಲುಗು. ಆಂಧ್ರದ ಗಡಿ ಪಕ್ಕದಲ್ಲೇ ಇದೆ. ಆಟದ ಬಯಲಲ್ಲಿ ಬಿಟ್ಟರೆ ಎರಡೂ ಭಾಷೆ ಕಲಸಿ, ಕೈಕಾಲು ಆಡಿಸಿ, ಚೆನ್ನಾಗಿ ಕಥೆ ಹೇಳುತ್ತಾರೆ. ಪೆನ್ನು ಹಿಡಿದ ತಕ್ಷಣ ಬಾಯಿ ಕಟ್ಟಿಹೋಗುತ್ತದೆ.

ಪದ್ಯಪಾಠದಲ್ಲೂ ಅಷ್ಟೇ. ಸಾರಾಂಶ ಬರೆಸು, ಪ್ರಶ್ನೋತ್ತರ ಬರೆಸು, ಮುಂದಿನ ಪಾಠಕ್ಕೆ ಹೋಗು. ಖರ್ಚಿಲ್ಲದೆ ಒಂದು ಪೀರಿಯಡ್ಡಿನಲ್ಲಿ ಮಾಡಿಸಬಹುದಾದ ಚಟುವಟಿಕೆ ಇದ್ದರೆ ಹೇಳಿ. ನೀವು ಕ್ಲಾಸಿನಲ್ಲಿ ಮಾಡಿಸಿ ನೋಡಿದ್ದೇ ಆಗಿರಲಿ. ತರಬೇತಿಯ ಪಿಪಿಟಿ ದಯವಿಟ್ಟು ಬೇಡ, ಅದು ನನ್ನ ಹತ್ತಿರವೂ ಇದೆ.

ಹುಣಸೂರು_ಟೀಚರ್:

ಸರ್, ಮೊದಲು ಪ್ರಬಂಧವನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಮೂರು ಖಾನೆ ಹಾಕಿಕೊಟ್ಟರೆ ಮಕ್ಕಳು ಗೈಡ್ ತೆಗೆದು ಖಾನೆ ತುಂಬಿಸುತ್ತಾರೆ. ಚಿಕ್ಕವರಿದ್ದಾಗ ನಾವೂ ಮಾಡಿದ್ದು ಅದನ್ನೇ ಅಲ್ವಾ?

ನಾನು ಶುರು ಮಾಡುವುದು ಒಗಟಿನಿಂದ. ಮೊದಲ ದಿನ ಬರೆಯುವುದೇ ಇಲ್ಲ. ಮನೆಯಲ್ಲಿ ಅಜ್ಜಿ, ದೊಡ್ಡಮ್ಮ ಯಾರನ್ನಾದರೂ ಕೇಳಿ ಒಂದೊಂದು ಒಗಟು ತನ್ನಿ ಅನ್ನುತ್ತೇನೆ. ನಿಮ್ಮ ಕ್ಲಾಸಿಗೆ ತೆಲುಗಿನ ಪೊಡುಪು ಕಥೆಗಳೂ (ಅವೂ ಒಗಟುಗಳೇ) ಬರಲಿ, ತಡೆಯಬೇಡಿ. 'ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ' ಅಂದರೆ ಮಲ್ಲಿಗೆ, 'ಒಂದೇ ಬಾವಿಯಲ್ಲಿ ಎರಡು ಬಣ್ಣದ ನೀರು' ಅಂದರೆ ಮೊಟ್ಟೆ. ಇವನ್ನು ಬೋರ್ಡಿನ ಮೇಲೆ ಬರೆದು ಒಂದೇ ಪ್ರಶ್ನೆ ಕೇಳುತ್ತೇನೆ: ಇದನ್ನು ಕಟ್ಟಿದವರು ಆ ವಸ್ತುವನ್ನು ಎಷ್ಟು ಹೊತ್ತು ನೋಡಿರಬೇಕು? ಉಪಮೆ, ರೂಪಕ ಅನ್ನುವ ಮಾತನ್ನು ಆವತ್ತು ಎತ್ತುವುದೇ ಇಲ್ಲ. ಹೈಸ್ಕೂಲಿನಲ್ಲಿ ಹೇಗೂ ಕಲಿಯುತ್ತಾರೆ.

ಮಾರನೇ ದಿನ ಅವರೇ ಒಗಟು ಕಟ್ಟಬೇಕು. ಶಾಲೆಯ ಕಾಂಪೌಂಡಿನ ಒಳಗೆ ಇರುವ ವಸ್ತು ಮಾತ್ರ. ಹೆಸರು ಹೇಳುವಂತಿಲ್ಲ, ಅದು ಯಾತಕ್ಕೆ ಬರುತ್ತದೆ ಅಂತಲೂ ನೇರವಾಗಿ ಹೇಳುವಂತಿಲ್ಲ. ನನ್ನ ಕ್ಲಾಸಿನ ಒಬ್ಬ ಹುಡುಗಿ ಬರೆದದ್ದು: 'ಹುಟ್ಟಿದಾಗ ಉದ್ದ, ದುಡಿದಷ್ಟೂ ಗಿಡ್ಡ.' ಅರ್ಧ ಕ್ಲಾಸು ಪೆನ್ಸಿಲ್ ಅಂತು, ಉಳಿದರ್ಧ ಸೀಮೆಸುಣ್ಣ ಅಂತು. ಕಸಬರಿಕೆ ಅಂತಲೂ ಒಬ್ಬ ಕೂಗಿದ, ಅದೂ ಸರಿಯೇ! ಅವಳಿಗೆ ಸಿಟ್ಟು ಬಂತು. ಸ್ಲೇಟು ಒರೆಸಿಕೊಂಡು ಕೂತು ಇನ್ನೊಂದು ಸಾಲು ಸೇರಿಸಿದಳು: 'ನಾನು ಬರೆದದ್ದನ್ನು ಬಟ್ಟೆ ತಿನ್ನುತ್ತದೆ.' ಈಗ ಬೇರೆ ಉತ್ತರಕ್ಕೆ ದಾರಿಯೇ ಇಲ್ಲ. ಬರೆದದ್ದನ್ನು ತಿದ್ದಿ ಬರಿ ಅಂತ ನಾನು ವರ್ಷವಿಡೀ ಹೇಳಿದರೂ ಯಾರೂ ತಿದ್ದುವುದಿಲ್ಲ. ಇಲ್ಲಿ ಕ್ಲಾಸೇ ತಿದ್ದಿಸಿತು.

ಆಮೇಲೆ ಪದ್ಯಕ್ಕೆ ಬನ್ನಿ. ಗೋವಿನ ಹಾಡು ನಿಮ್ಮ ಮಕ್ಕಳಿಗೆ ಬಾಯಿಪಾಠ ಇರುತ್ತದೆ. 'ಹುಲಿಯ ಪರವಾಗಿ ಪತ್ರ ಬರೆಯಿರಿ' ಅನ್ನೋ ಚಟುವಟಿಕೆ ಎಲ್ಲ ತರಬೇತಿಯಲ್ಲೂ ಬರುತ್ತದೆ. ನನಗೆ ಅದು ಬೇಜಾರು. ಹುಲಿ ಪಶ್ಚಾತ್ತಾಪ ಪಡಬೇಕು ಅಂತ ಮಕ್ಕಳಿಗೆ ಮೊದಲೇ ಗೊತ್ತು, ಟೀಚರಿಗೆ ಇಷ್ಟವಾಗುವುದನ್ನೇ ಬರೆದು ಕೊಡುತ್ತಾರೆ. ನಾನು ಬೇರೆ ಕಡೆ ನಿಲ್ಲಿಸುತ್ತೇನೆ. ಪುಣ್ಯಕೋಟಿ ಕರುವನ್ನು ದೊಡ್ಡಿಯ ಉಳಿದ ಹಸುಗಳಿಗೆ ಒಪ್ಪಿಸಿ ಹೋಗುತ್ತಾಳಲ್ಲ, ಅವಳು ಆಚೆ ಹೋದ ಮೇಲೆ ಆ ಹಸುಗಳು ಏನು ಮಾತಾಡಿಕೊಂಡವು? ಇಬ್ಬಿಬ್ಬರನ್ನು ಕೂರಿಸಿ, ಬರೀ ಮಾತುಕತೆ ಬರೆಸಿ. ಒಂದು ಜೋಡಿ ಬರೆದದ್ದು ನನಗೆ ಇನ್ನೂ ನೆನಪಿದೆ. 'ನನ್ನ ಕರುಗೇ ಹಾಲು ಸಾಲಲ್ಲ ಕಣೇ.' 'ಹಂಗಂತ ಅವಳ ಎದುರಿಗೆ ಯಾಕೆ ಹ್ಞೂಂ ಅಂದೆ?' 'ಸಾಯಕ್ಕೆ ಹೋಗೋಳಿಗೆ ಇಲ್ಲ ಅನ್ನಕ್ಕಾಗುತ್ತಾ?' ಇದನ್ನು ಬರೆದ ಮಗುವಿಗೆ ಪದ್ಯದ ಸಾರಾಂಶ ಬರೆಸುವ ಅಗತ್ಯವೇ ಇಲ್ಲ.

ಕೆಂಪು ಪೆನ್ನು ಮಾತ್ರ ಆ ಪೀರಿಯಡ್ಡಿನಲ್ಲಿ ಜೇಬಿನಿಂದ ಆಚೆ ಬರಬಾರದು. ಮೊದಲು ಗಟ್ಟಿಯಾಗಿ ಓದಲಿ, ಕ್ಲಾಸು ಕೇಳಲಿ. ನಮ್ಮ ಕಡೆ ಮಕ್ಕಳು ಹಾಲಿಗೆ 'ಆಲು' ಅಂತ ಬರೆಯುತ್ತಾರೆ. ಎಲ್ಲರಲ್ಲೂ ಕಾಣುವ ಒಂದೆರಡು ತಪ್ಪು ಗುರುತು ಹಾಕಿಕೊಂಡು ಉಕ್ತಲೇಖನದಲ್ಲಿ ಹಿಡಿಯುತ್ತೇನೆ.

ನಾಟಕದ_ಮೇಷ್ಟ್ರು:

ಹೈಸ್ಕೂಲಿನಲ್ಲಿ ನಾಟಕ ಕಲಿಸುತ್ತೇನೆ, ಶಿವಮೊಗ್ಗ ಜಿಲ್ಲೆ. ಟೀಚರ್ ಹೇಳಿದ್ದು ಸರಿ. ಆದರೆ ಕೂತಲ್ಲೇ ಬರೆಯುವ ಮೊದಲು ಮಕ್ಕಳನ್ನು ಒಮ್ಮೆ ಎಬ್ಬಿಸಿ ನಿಲ್ಲಿಸಿ.

ಕುವೆಂಪು ಅವರ ಕಿಂದರಿಜೋಗಿ ತೆಗೆದುಕೊಳ್ಳಿ. ಇಲಿಗಳೆಲ್ಲ ಹೋದವು, ಜೋಗಿ ಬಂದು ಒಪ್ಪಿಕೊಂಡ ಹಣ ಕೇಳಿದ. ಅಲ್ಲಿಗೆ ಪುಸ್ತಕ ಮುಚ್ಚಿ. ಕ್ಲಾಸನ್ನೇ ಪಂಚಾಯಿತಿ ಕಟ್ಟೆ ಮಾಡಿ. ಒಬ್ಬ ಗೌಡ, ಒಬ್ಬ ಜೋಗಿ, ಉಳಿದವರು ಊರಿನವರು. ಹಣ ಕೊಡಬೇಕೋ ಬೇಡವೋ? ಮಾತು ಯಾರೂ ಬರೆದುಕೊಡಬಾರದು. ಹೋದ ವರ್ಷ ಗೌಡ ಆಗಿದ್ದ ಹುಡುಗ, 'ಬಿಲ್ಲು ಇನ್ನೂ ಪಾಸಾಗಿಲ್ಲ, ಮುಂದಿನ ವಾರ ಬಾ' ಅಂದ. ಅವನ ಪಕ್ಕ ಸೆಕ್ರೆಟರಿ ಆಗಿ ತಾನಾಗೇ ಬಂದು ನಿಂತವನು, 'ಇಲಿ ಇದ್ದಾಗಿನದು ಒಂದು, ಹೋದ ಮೇಲಿನದು ಒಂದು, ಜಿಪಿಎಸ್ ಫೋಟೋ ಎಲ್ಲಿ?' ಅಂತ ಕೇಳಿದ. ನರೇಗಾ ಕೆಲಸದ ಫೋಟೋ ತೆಗೆಯುವುದನ್ನು ನೋಡಿರುತ್ತಾರಲ್ಲ! ನಾನು ಹೇಳಿಕೊಟ್ಟಿದ್ದರೆ ಇದು ಬರುತ್ತಿರಲಿಲ್ಲ.

ಬರೆಸುವುದು ಆಮೇಲೆ. ಊರಿನ ಮಕ್ಕಳೆಲ್ಲ ಜೋಗಿಯ ಹಿಂದೆ ಹೋಗುತ್ತಾರೆ, ಕುಂಟ ಹುಡುಗ ಮಾತ್ರ ಹಿಂದೆ ಉಳಿಯುತ್ತಾನೆ. ಮಾರನೇ ದಿನ ಬೆಳಿಗ್ಗೆ ಅವನು ಯಾರ ಜೊತೆ ಆಡಿದ? ಅರ್ಧ ಪುಟ ಸಾಕು. ಇಲ್ಲಿ ಉಪದೇಶ ಹೇಳಲು ಜಾಗವೇ ಇಲ್ಲ, ಹಾಗಾಗಿ ಮಕ್ಕಳು ಹೇಳುವುದಿಲ್ಲ.

ಇನ್ನೊಂದು. ಮೂಲ ಕಥೆ ಜರ್ಮನಿಯ ಹ್ಯಾಮೆಲಿನ್ ಊರಿನದು, ಬ್ರೌನಿಂಗ್ ಅದನ್ನು ಇಂಗ್ಲಿಷಿನಲ್ಲಿ ಪದ್ಯ ಮಾಡಿದ. ಕುವೆಂಪು ಅದನ್ನೇ ತುಂಗೆಯ ದಡದ ಬೊಮ್ಮನಹಳ್ಳಿಗೆ ತಂದರು. ಇದನ್ನು ಮಕ್ಕಳಿಗೆ ಹೇಳಿ, 'ಅವರು ತಂದ ಹಾಗೆ ನೀವೂ ನಿಮ್ಮೂರಿಗೆ ತನ್ನಿ' ಅನ್ನಿ. ನಿಮ್ಮ ಪಾವಗಡದಲ್ಲಿ ಇಲಿ ಬದಲು ಏನು? ಕಡಲೆಕಾಯಿ ಹೊಲಕ್ಕೆ ನುಗ್ಗುವ ಹಂದಿಯೇ? ಜೋಗಿಯ ಕೈಯಲ್ಲಿ ಕಿಂದರಿ ಬದಲು ತಮಟೆಯೇ? ಜಾಗ ಬದಲಾಯಿಸಿದರೆ ಕಥೆಯ ಎಷ್ಟೋ ಮಾತು ತಾವಾಗೇ ಬದಲಾಗಬೇಕಾಗುತ್ತದೆ, ಗೈಡು ಎಲ್ಲಿಯೂ ಸಹಾಯಕ್ಕೆ ಬರುವುದಿಲ್ಲ.

ಎರಡನೇ_ಬೆಂಚು:

ಕೇಳಲು ಚೆನ್ನಾಗಿದೆ. ನಾನೂ ಮೇಷ್ಟ್ರೇ. ಆದರೆ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ), ಎಸ್‌ಎ (ಸಂಕಲನಾತ್ಮಕ ಮೌಲ್ಯಮಾಪನ), ದಾಖಲೆ, ಬಿಸಿಯೂಟದ ಲೆಕ್ಕ, ಮಧ್ಯೆ ಗಣತಿ ಡ್ಯೂಟಿ. ಇದರ ನಡುವೆ ಹಸುಗಳ ಮಾತುಕತೆ ಬರೆಸುತ್ತಾ ಕೂತರೆ ಸಿಲಬಸ್ ಮುಗಿಸೋರು ಯಾರು? ವಾರ್ಷಿಕ ಪರೀಕ್ಷೆಯಲ್ಲಿ ಪ್ರಬಂಧ ಕೇಳಿಯೇ ಕೇಳುತ್ತಾರೆ. ಆಗ ಪೀಠಿಕೆ ಇಲ್ಲ ಅಂತ ಅಂಕ ಕಳೆದರೆ?

ಹುಣಸೂರು_ಟೀಚರ್:

ಸರ್, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಗಣತಿ ಬಗ್ಗೆ ಬೇರೆ ಥ್ರೆಡ್ ಶುರು ಮಾಡಿ, ನಾನೂ ಬರುತ್ತೇನೆ. ಆದರೆ ಎಫ್‌ಎಗೆ ಹೇಗೂ ಚಟುವಟಿಕೆ ಮಾಡಿಸಲೇಬೇಕಲ್ಲ. ಒಗಟಿನ ಹಾಳೆ, ಮಾತುಕತೆಯ ಹಾಳೆ ಎರಡಕ್ಕೂ ದಿನಾಂಕ ಹಾಕಿ ಮಗುವಿನ ಕೃತಿ ಸಂಪುಟಕ್ಕೆ ಸೇರಿಸಿದರೆ ಅದೇ ದಾಖಲೆ. ಚಾರ್ಟಿನ ಮೇಲೆ ಹೂವು ಬಿಡಿಸಿ ಅಂಟಿಸುವುದಕ್ಕಿಂತ ಕಡಿಮೆ ಕೆಲಸ. ಪ್ರಬಂಧದ ಚೌಕಟ್ಟು ಪರೀಕ್ಷೆಗೆ ಒಂದು ತಿಂಗಳು ಮುಂಚೆ ಹೇಳಿಕೊಡಿ, ಸಾಕು. ಹೇಳುವುದಕ್ಕೆ ಏನಾದರೂ ಇರುವ ಮಗುವಿಗೆ ಪೀಠಿಕೆ ಕಲಿಯಲು ಎರಡು ದಿನ ಬೇಕಾಗುತ್ತದೆ ಅಷ್ಟೇ.

ಪಾವಗಡ_ಮೇಷ್ಟ್ರು:

ಎಲ್ಲರಿಗೂ ಥ್ಯಾಂಕ್ಸ್. ಒಗಟು ಮಾಡಿಸಿದೆ. ಕಾಂಪೌಂಡಿನ ಒಳಗಿನ ವಸ್ತು ಅಂದರೆ ನಮ್ಮಲ್ಲಿ ಜಾಸ್ತಿ ಇಲ್ಲ, ಹಾಗಾಗಿ ಊರು ಪೂರ್ತಿ ಅಂದೆ. ತಿರುಮಣಿ, ವಳ್ಳೂರು ಕಡೆ 13,000 ಎಕರೆಯ ಸೋಲಾರ್ ಪಾರ್ಕ್ ಇದೆ, ರೈತರ ಜಮೀನನ್ನೇ ಗುತ್ತಿಗೆಗೆ ಪಡೆದು ಮಾಡಿದ್ದು. ವರ್ಷವಿಡೀ ಬಾಯಿ ಬಿಡದ ಒಬ್ಬ ಹುಡುಗ ಎದ್ದು ಓದಿದ:

'ಬಿತ್ತಿಲ್ಲ, ನೀರು ಕಟ್ಟಿಲ್ಲ, ಕಳೆ ಕಿತ್ತಿಲ್ಲ. ಹೊಲದ ತುಂಬಾ ಕರೀ ಎಲೆ.'

ಉತ್ತರ ಎಲ್ಲರಿಗೂ ತಕ್ಷಣ ಗೊತ್ತಾಯಿತು. ಆದರೆ ಹಿಂದಿನ ಸಾಲಿನಿಂದ ಒಬ್ಬಳು ಎದ್ದು, 'ಸಾರ್, ಕಳೆ ಕಿತ್ತಿಲ್ಲ ಅನ್ನೋದು ಸುಳ್ಳು. ನಮ್ಮಮ್ಮ ದಿನಾ ಅಲ್ಲಿಗೆ ಹುಲ್ಲು ಕೀಳಕ್ಕೇ ಹೋಗೋದು' ಅಂದಳು. ಇಬ್ಬರಿಗೂ ಜಗಳ. ಅರ್ಧ ತೆಲುಗು, ಅರ್ಧ ಕನ್ನಡ. ನಾನು ಸುಮ್ನೆ ಕಿಟಕಿ ಪಕ್ಕ ನಿಂತಿದ್ದೆ. ಕೊನೆಗೆ ಇಬ್ಬರೂ ಸೇರಿ ಬದಲಾಯಿಸಿದರು: 'ಬಿತ್ತಿಲ್ಲ, ನೀರು ಕಟ್ಟಿಲ್ಲ. ಕಳೆ ಕೀಳ್ತಾರೆ, ಬೆಳೆ ಕುಯ್ಯಲ್ಲ. ಹೊಲದ ತುಂಬಾ ಕರೀ ಎಲೆ.'

ಈಗ ಇವನ್ನೆಲ್ಲ ಗೋಡೆ ಪತ್ರಿಕೆ ಮಾಡೋಣ ಅಂತಿದ್ದೇನೆ. ಒಂದು ಅನುಮಾನ. ಗೋಡೆಗೆ ಹಾಕುವಾಗ 'ಕೀಳ್ತಾರೆ', 'ಕುಯ್ಯಲ್ಲ' ಇವನ್ನು 'ಕೀಳುತ್ತಾರೆ', 'ಕೊಯ್ಯುವುದಿಲ್ಲ' ಅಂತ ತಿದ್ದಬೇಕಾ? ಸಿಆರ್‌ಪಿ (ಶಾಲೆಗಳಿಗೆ ಭೇಟಿ ಕೊಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದು ನೋಡಿದರೆ ಏನಂತಾರೋ.

ಹುಣಸೂರು_ಟೀಚರ್:

ಬೇಡವೇ ಬೇಡ ಸರ್. 'ಕೊಯ್ಯುವುದಿಲ್ಲ' ಅಂತ ಹಾಕಿ ಒಮ್ಮೆ ಗಟ್ಟಿಯಾಗಿ ಓದಿ ನೋಡಿ, ಒಗಟು ಅಲ್ಲೇ ಮುಗ್ಗರಿಸುತ್ತದೆ. ಅಕ್ಷರ ತಪ್ಪಿದ್ದರೆ ಮಗುವೇ ತಿದ್ದಿ ಶುದ್ಧ ಪ್ರತಿ ಬರೆಯಲಿ, ಮಾತಿನ ಧಾಟಿಗೆ ಕೈ ಹಾಕಬೇಡಿ. ಸಿಆರ್‌ಪಿ ಕೇಳಿದರೆ ಆ ಇಬ್ಬರು ಮಕ್ಕಳಿಂದಲೇ ಉತ್ತರ ಕೊಡಿಸಿ.

ಚಾರ್ಟ್ ಪೇಪರಿಗೆ ದುಡ್ಡು ಹಾಕಬೇಡಿ, ಹಳೇ ಕ್ಯಾಲೆಂಡರಿನ ಹಿಂಭಾಗ ಸಾಕು. ಒಗಟು ಮೇಲೆ ಬರೆಸಿ, ಉತ್ತರವನ್ನು ಕೆಳಗೆ ಮಡಚಿ ಮುಚ್ಚಿ. ಮತ್ತೆ, ಮಕ್ಕಳ ಕಣ್ಣಿನ ಎತ್ತರಕ್ಕೆ ಅಂಟಿಸಿ. ಎಷ್ಟೋ ಶಾಲೆಯಲ್ಲಿ ಇಂಥವನ್ನು ಬಂದುಹೋಗುವ ಅಧಿಕಾರಿಗಳ ಎತ್ತರಕ್ಕೆ ಅಂಟಿಸಿರುತ್ತಾರೆ. ಹಂದಿ ಓಡಿಸುವ ಜೋಗಿಯ ಕಥೆ ಬರೆಸಿದರೆ ಇಲ್ಲೇ ಹಾಕಿ, ನಮ್ಮ ಮಕ್ಕಳಿಗೆ ಓದಿ ಹೇಳುತ್ತೇನೆ. ನಮ್ಮ ಕಡೆ ಆನೆ ಇದೆ, ಅವರು ಅದನ್ನು ಬರೆದು ಕಳಿಸುತ್ತಾರೆ.