ಎಎನ್‌ಎ ಪಾಸಿಟಿವ್ ಬಂದರೆ ಲೂಪಸ್ಸೇನಾ? ಸಂಧಿವಾತ ತಜ್ಞೆಗೆ ನಿಮ್ಮ ಪ್ರಶ್ನೆಗಳು

ಗುಂಪಿನ ನಿರ್ವಾಹಕರು: ರೋಗನಿರೋಧಕ ವ್ಯವಸ್ಥೆ ನಮ್ಮದೇ ಕೀಲು, ಚರ್ಮ, ಮೂತ್ರಪಿಂಡಗಳ ಮೇಲೆ ತಿರುಗಿಬೀಳುವ ಲೂಪಸ್, ರುಮಟಾಯ್ಡ್ ಆರ್ಥ್ರೈಟಿಸ್‌ನಂಥ ಕಾಯಿಲೆಗಳ ಬಗ್ಗೆ ಇವತ್ತಿನ ಪ್ರಶ್ನೋತ್ತರ. ಉತ್ತರಿಸುತ್ತಿರುವವರು ರುಮಟಾಲಜಿಸ್ಟ್. ರೋಗಿಗಳನ್ನು ನೋಡುವುದರ ಜೊತೆಗೆ ಕ್ಲಿನಿಕಲ್ ಟ್ರಯಲ್‌ಗಳಲ್ಲೂ ಕೆಲಸ ಮಾಡುತ್ತಾರೆ. ರಿಪೋರ್ಟಿನ ಫೋಟೊ ಹಾಕುವವರು ಹೆಸರು, ನಂಬರ್ ಮುಚ್ಚಿ ಹಾಕಿ.

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 34 ವರ್ಷ. ಎರಡು ತಿಂಗಳಿಂದ ಮೈಕೈ ನೋವು, ಸುಸ್ತು. ಯಾರೋ ಹೇಳಿದರು ಅಂತ ಒಂದು ಪ್ಯಾಕೇಜ್ ಟೆಸ್ಟ್ ಮಾಡಿಸಿದೆ. ಎಎನ್‌ಎ ಪಾಸಿಟಿವ್, 1:80 ಅಂತ ಬಂದಿದೆ. ನೆಟ್‌ನಲ್ಲಿ ಹುಡುಕಿದರೆ ಎಲ್ಲ ಕಡೆ ಲೂಪಸ್ ಅಂತಲೇ ಇದೆ. ಮೂರು ದಿನದಿಂದ ಸರಿಯಾಗಿ ನಿದ್ದೆ ಇಲ್ಲ.

ಉತ್ತರ: ಗಾಬರಿ ಆಗಬೇಡಿ. ಎಎನ್‌ಎ ಎಂದರೆ ನಮ್ಮದೇ ಜೀವಕೋಶಗಳ ನ್ಯೂಕ್ಲಿಯಸ್ ಮೇಲೆ ತಿರುಗುವ ಪ್ರತಿಕಾಯ. 1:80 ಎಂದರೆ ರಕ್ತದ ಮಾದರಿಯನ್ನು 80 ಪಟ್ಟು ತೆಳುಮಾಡಿದರೂ ಅದು ಕಂಡಿತು ಎಂದು; ಎರಡನೆಯ ಸಂಖ್ಯೆ ದೊಡ್ಡದಾದಷ್ಟೂ ಪ್ರತಿಕಾಯ ಹೆಚ್ಚು. ನೀವು ಬರೆದಿರುವಷ್ಟರಿಂದ ಲೂಪಸ್ ಇದೆ ಎಂದು ಯಾವ ವೈದ್ಯರೂ ಹೇಳಲಾರರು.

ಹಲವು ಪ್ರಯೋಗಾಲಯಗಳು ಸೇರಿ ಆರೋಗ್ಯವಂತರ ರಕ್ತವನ್ನೇ ಪರೀಕ್ಷಿಸಿದ ಅಧ್ಯಯನವೊಂದು 1997ರಲ್ಲಿ ಪ್ರಕಟವಾಯಿತು. 1:40ರ ಮಟ್ಟದಲ್ಲಿ ಸುಮಾರು 32%, 1:80ರಲ್ಲಿ 13%, 1:160ರಲ್ಲಿ 5% ಆರೋಗ್ಯವಂತರಿಗೆ ಎಎನ್‌ಎ ಪಾಸಿಟಿವ್ ಬಂತು. ಇದನ್ನು ಸಾವಿರ ಜನರ ಲೆಕ್ಕದಲ್ಲಿ ನೋಡಿ: ಕಾಯಿಲೆಯೇ ಇಲ್ಲದ ಸಾವಿರ ಮಂದಿಯಲ್ಲಿ 130 ಮಂದಿಗೆ ನಿಮ್ಮಂಥದ್ದೇ ರಿಪೋರ್ಟ್ ಕೈಗೆ ಬರುತ್ತದೆ. ಲೂಪಸ್ ಸಾವಿರಕ್ಕೆ ಒಬ್ಬರಿಗಿದೆ ಎಂದು ಧಾರಾಳವಾಗಿ ಹಿಡಿದರೂ, ಉಳಿದ 130 ಮಂದಿ ಸುಮ್ಮನೆ ನಿದ್ದೆಗೆಡುತ್ತಾರೆ. ಥೈರಾಯ್ಡ್ ತೊಂದರೆ, ಕೆಲವು ಸೋಂಕು, ಕೆಲವು ಔಷಧಿ, ಹೆಚ್ಚಿದ ವಯಸ್ಸು, ಇವುಗಳಿಂದಲೂ ಎಎನ್‌ಎ ಪಾಸಿಟಿವ್ ಆಗಬಹುದು.

ಹಾಗಾದರೆ ಈ ಪರೀಕ್ಷೆ ಯಾಕೆ ಬೇಕು? ನೆಗೆಟಿವ್ ಬಂದಾಗ ಅದು ತುಂಬ ಉಪಯೋಗಕ್ಕೆ ಬರುತ್ತದೆ. ಲೂಪಸ್ ಇರುವ ಹೆಚ್ಚುಕಡಿಮೆ ಎಲ್ಲರಿಗೂ ಎಎನ್‌ಎ 1:80 ಅಥವಾ ಅದಕ್ಕಿಂತ ಮೇಲೇ ಇರುತ್ತದೆ, ಹಾಗಾಗಿ ಅದು ಇಲ್ಲದಿದ್ದರೆ ನಾವು ಬೇರೆ ಕಾರಣ ಹುಡುಕುತ್ತೇವೆ. 2019ರಲ್ಲಿ ಯುರೋಪ್ ಮತ್ತು ಅಮೆರಿಕದ ರುಮಟಾಲಜಿ ಸಂಸ್ಥೆಗಳು ಸೇರಿ ಮಾಡಿದ ಲೂಪಸ್ ಮಾನದಂಡದಲ್ಲಿ ಎಎನ್‌ಎಗೆ ಒಂದು ಅಂಕವೂ ಇಲ್ಲ. ಅದು ಪ್ರವೇಶದ ಷರತ್ತು ಮಾತ್ರ. ಜ್ವರ, ಚರ್ಮದ ದದ್ದು, ಕೀಲುಗಳ ಊತ, ಮೂತ್ರದಲ್ಲಿ ಪ್ರೋಟೀನ್, ರಕ್ತಕಣಗಳ ಇಳಿಕೆ, ಇತರ ಪ್ರತಿಕಾಯಗಳು, ಇವೆಲ್ಲಕ್ಕೂ ಬೇರೆ ಬೇರೆ ಅಂಕ. ಒಟ್ಟು 10 ಆಗಬೇಕು, ಅದರಲ್ಲಿ ಒಂದಾದರೂ ದೇಹದ ಮೇಲೆ ಕಾಣುವ ಅಥವಾ ಅಂಗಾಂಗಕ್ಕೆ ತಟ್ಟಿದ ಲಕ್ಷಣ ಇರಬೇಕು.

ನೀವು ನನ್ನೆದುರು ಕೂತಿದ್ದರೆ ಹೀಗೆ ಕೇಳುತ್ತಿದ್ದೆ: ಬಿಸಿಲಿಗೆ ಹೋದರೆ ಕೆನ್ನೆ, ಕುತ್ತಿಗೆ ಕೆಂಪಗೆ ದದ್ದು ಏಳುತ್ತಾ? ಬಾಯೊಳಗೆ ನೋವಿಲ್ಲದ ಹುಣ್ಣು? ಚಳಿಗೆ ಬೆರಳು ಬಿಳಿಚಿಕೊಂಡು ನೀಲಿ ತಿರುಗುತ್ತಾ? ದೀರ್ಘ ಉಸಿರು ತೆಗೆದಾಗ ಎದೆ ಚುಚ್ಚುತ್ತಾ? ಕೀಲು ಬರೀ ನೋಯುತ್ತಾ, ಊದಿಯೂ ಇದೆಯಾ? ಆಮೇಲೆ ರಕ್ತಕಣಗಳ ಎಣಿಕೆ, ಮೂತ್ರಪಿಂಡದ ಕೆಲಸ ತಿಳಿಯಲು ಕ್ರಿಯಾಟಿನಿನ್, ಥೈರಾಯ್ಡ್, ಮೂತ್ರ ಪರೀಕ್ಷೆ. ಮೂತ್ರ ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ. ಮೂತ್ರಪಿಂಡಕ್ಕೆ ಲೂಪಸ್ ತಟ್ಟಿದಾಗ ಮೊದಮೊದಲು ನೋವೇ ಇರುವುದಿಲ್ಲ. ಅತಿ ಅಗ್ಗದ ಆ ಪರೀಕ್ಷೆ ಹೇಳುವಷ್ಟು ವಿಷಯವನ್ನು ದೊಡ್ಡ ಪ್ಯಾಕೇಜ್‌ಗಳು ಎಷ್ಟೋ ಸಲ ಹೇಳುವುದಿಲ್ಲ. ಇವುಗಳಲ್ಲಿ ಏನಾದರೂ ಅನುಮಾನ ಬಂದರೆ ಮಾತ್ರ ಲೂಪಸ್‌ಗೆ ಹತ್ತಿರದ ಡಿಎಸ್-ಡಿಎನ್‌ಎ ಪ್ರತಿಕಾಯ, ಮತ್ತು ಸಿ3, ಸಿ4 ಎಂಬ ರಕ್ತದ ಪ್ರೋಟೀನ್‌ಗಳ ಪರೀಕ್ಷೆ. ಎಎನ್‌ಎಯನ್ನು ಮತ್ತೆ ಮತ್ತೆ ಮಾಡಿಸಬೇಡಿ. ಅದು ಏರುವುದು ಇಳಿಯುವುದು ಕಾಯಿಲೆಯ ಏರಿಳಿತವನ್ನು ತೋರಿಸುವುದಿಲ್ಲ.

ಅದೇ ಸದಸ್ಯೆ: ತುಂಬ ಧನ್ಯವಾದ ಮೇಡಂ. ಊತ, ದದ್ದು ಯಾವುದೂ ಇಲ್ಲ. ಆದರೆ ಲೂಪಸ್ ಬರುವ ಎಷ್ಟೋ ವರ್ಷ ಮೊದಲೇ ರಕ್ತದಲ್ಲಿ ಪ್ರತಿಕಾಯ ಕಾಣಿಸಿಕೊಳ್ಳುತ್ತೆ ಅಂತ ಓದಿದೆ. ಅದು ಸುಳ್ಳಾ?

ಉತ್ತರ: ಸುಳ್ಳಲ್ಲ, ಮತ್ತು ನೀವು ಕೇಳಿದ್ದು ಒಳ್ಳೆಯದಾಯಿತು. ಅಮೆರಿಕದ ಸೈನಿಕರ ರಕ್ತದ ಮಾದರಿಗಳನ್ನು ಕೂಡಿಡುವ ಭಂಡಾರವಿದೆ. ಮುಂದೆ ಲೂಪಸ್ ಬಂದ 130 ಮಂದಿಯ ಹಳೆಯ ಮಾದರಿಗಳನ್ನು ಸಂಶೋಧಕರು ಅಲ್ಲಿಂದ ತೆಗೆದು ನೋಡಿದರು. 115 ಮಂದಿಯಲ್ಲಿ ಕಾಯಿಲೆ ಪತ್ತೆಯಾಗುವ ಮೊದಲೇ ಕನಿಷ್ಠ ಒಂದು ಪ್ರತಿಕಾಯ ಇತ್ತು, ಕೆಲವರಲ್ಲಿ 9 ವರ್ಷಕ್ಕೂ ಮುಂಚೆ. 2003ರಲ್ಲಿ ಪ್ರಕಟವಾದ ಈ ಅಧ್ಯಯನ ನಮ್ಮ ತಿಳಿವಳಿಕೆಯನ್ನೇ ಬದಲಿಸಿತು.

ಆದರೆ ಅವರು ಶುರುಮಾಡಿದ್ದು ಎಲ್ಲಿಂದ ನೋಡಿ. ಕಾಯಿಲೆ ಬಂದವರನ್ನು ಹಿಡಿದು ಹಿಂದಕ್ಕೆ ನಡೆದರು. ನಿಮ್ಮ ಪ್ರಶ್ನೆ ಮುಂದಕ್ಕೆ ಹೋಗುವಂಥದ್ದು: ಪ್ರತಿಕಾಯ ಇರುವ ನನಗೆ ಕಾಯಿಲೆ ಬರುತ್ತದೆಯೇ? ಆ ಪ್ರಶ್ನೆಗೆ ಈ ಅಧ್ಯಯನದಲ್ಲಿ ಉತ್ತರ ಇಲ್ಲ. ಅದಕ್ಕೆ ಮೊದಲು ಹೇಳಿದ ಆ 130 ಆರೋಗ್ಯವಂತರ ಲೆಕ್ಕವೇ ಹತ್ತಿರ. ಯಾವುದೇ ಸಂಶೋಧನೆಯ ಸುದ್ದಿ ಓದಿದಾಗ ಯಾರನ್ನು ಸೇರಿಸಿಕೊಂಡು ಅಧ್ಯಯನ ಮಾಡಿದರು ಎಂಬುದನ್ನು ಮೊದಲು ನೋಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಈ ಎರಡು ತಿಂಗಳ ಸುಸ್ತಿಗೆ ಹಿಮೋಗ್ಲೋಬಿನ್, ಥೈರಾಯ್ಡ್, ನಿದ್ದೆ, ಇವುಗಳ ಕಡೆ ಮೊದಲು ಗಮನ ಕೊಡಿ. ಊತ ಅಥವಾ ದದ್ದು ಕಂಡರೆ ತಡಮಾಡದೆ ತೋರಿಸಿ.

ಪ್ರಶ್ನೆ: ಡಾಕ್ಟ್ರೇ, ನಮ್ಮ ತಾಯಿಗೆ 58. ನಾಲ್ಕು ತಿಂಗಳಿಂದ ಎರಡೂ ಕೈ ಬೆರಳಿನ ಗಂಟು, ಮಣಿಕಟ್ಟು ಊದಿಕೊಂಡಿದೆ. ಬೆಳಿಗ್ಗೆ ಒಂದೂವರೆ ಗಂಟೆ ಮುಷ್ಟಿ ಕಟ್ಟೋಕೆ ಆಗಲ್ಲ. ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂತು, ಹಾಗಾಗಿ ಸಂಧಿವಾತ ಅಲ್ಲ, ವಯಸ್ಸಿನದು ಅಂತ ಹೇಳಿ ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಕಾಯೋಣವಾ?

ಉತ್ತರ: ಕಾಯಬೇಡಿ. ಈ ವಾರವೇ ರುಮಟಾಲಜಿಸ್ಟ್ ಹತ್ತಿರ ಕರೆದುಕೊಂಡು ಹೋಗಿ.

ಮೇಲಿನ ಸದಸ್ಯೆಗೆ ರಿಪೋರ್ಟ್ ಇದೆ, ಲಕ್ಷಣ ಇಲ್ಲ. ನಿಮ್ಮ ತಾಯಿಗೆ ಲಕ್ಷಣ ಇದೆ, ರಿಪೋರ್ಟ್ ಇಲ್ಲ. ನನಗೆ ಹೆಚ್ಚು ಚಿಂತೆ ನಿಮ್ಮ ತಾಯಿಯದು. ಅವರು ಅಲ್ಲವೆಂದ ಆ ಸಂಧಿವಾತ, ಅಂದರೆ ರುಮಟಾಯ್ಡ್ ಆರ್ಥ್ರೈಟಿಸ್ ಇರುವವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಆರ್‌ಎ ಫ್ಯಾಕ್ಟರ್ ಆಗಲಿ, ಆಂಟಿ-ಸಿಸಿಪಿ ಆಗಲಿ, ಈ ಎರಡು ಪ್ರತಿಕಾಯಗಳೂ ಇರುವುದೇ ಇಲ್ಲ. ವಯಸ್ಸಿನಿಂದ ಬರುವ ಸವೆತದ ನೋವಿನಲ್ಲಿ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ, ಮತ್ತು ಅದು ಹೆಚ್ಚಾಗಿ ಬೆರಳ ತುದಿಯ ಗಂಟುಗಳಿಗೆ, ಹೆಬ್ಬೆರಳ ಬುಡಕ್ಕೆ ಬರುತ್ತದೆ. ಮಣಿಕಟ್ಟು, ಬೆರಳ ಬುಡದ ಗಂಟುಗಳು ಎರಡೂ ಕಡೆ ಊದಿ ಒಂದೂವರೆ ಗಂಟೆ ಬಿಗಿದಿದ್ದರೆ ಅದು ಉರಿಯೂತ ಎಂದೇ ಹಿಡಿದು ಮುಂದುವರಿಯಬೇಕು. ಆಂಟಿ-ಸಿಸಿಪಿ, ಉರಿಯೂತ ಅಳೆಯುವ ಇಎಸ್‌ಆರ್ ಮತ್ತು ಸಿಆರ್‌ಪಿ, ಎಕ್ಸ್‌ರೇ, ಸಾಧ್ಯವಿದ್ದರೆ ಕೀಲುಗಳ ಅಲ್ಟ್ರಾಸೌಂಡ್ ಮಾಡಿಸಿ.

ಇಲ್ಲಿ ಒಂದು ಮಾತು. 2010ರ ಮಾನದಂಡದಲ್ಲಿ 10ಕ್ಕೆ 6 ಅಂಕ ಬಂದರೆ ರುಮಟಾಯ್ಡ್ ಎಂದು ಲೆಕ್ಕ. ನಾಲ್ಕರಿಂದ ಹತ್ತು ಸಣ್ಣ ಕೀಲುಗಳಿಗೆ 3, ಆರು ವಾರ ದಾಟಿದ್ದಕ್ಕೆ 1, ಸಿಆರ್‌ಪಿ ಹೆಚ್ಚಿದ್ದರೆ 1. ಪ್ರತಿಕಾಯ ಇಲ್ಲದವರು ಇಲ್ಲಿಗೇ 5ರಲ್ಲಿ ನಿಂತುಬಿಡುತ್ತಾರೆ. ಆ ಮಾನದಂಡ ಇರುವುದು ಸಂಶೋಧನೆಗೆ ಒಂದೇ ಬಗೆಯ ರೋಗಿಗಳನ್ನು ಆಯ್ದುಕೊಳ್ಳಲು. ಅಂಕ ಒಂದು ಕಮ್ಮಿ ಬಿತ್ತೆಂದು ಕಣ್ಣೆದುರಿನ ಊತಕ್ಕೆ ಚಿಕಿತ್ಸೆ ನಿಲ್ಲಿಸಲು ಯಾರೂ ಅದನ್ನು ಬರೆದಿಲ್ಲ.

ಅವಸರ ಯಾಕೆಂದರೆ, ಮೂಳೆಯ ಅಂಚು ಒಮ್ಮೆ ಸವೆದರೆ ಮತ್ತೆ ತುಂಬಿಕೊಳ್ಳುವುದು ಅಪರೂಪ. ಈ ಕ್ಷೇತ್ರದಲ್ಲಿ ನನ್ನ ಮನಸ್ಸಿಗೆ ಅತಿ ಹತ್ತಿರವಾದ ಅಧ್ಯಯನ ಗ್ಲಾಸ್ಗೋದಲ್ಲಿ ನಡೆದದ್ದು, 2004ರಲ್ಲಿ ಪ್ರಕಟವಾದದ್ದು. ಹೆಸರು ಟಿಕೋರಾ. 110 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದು ಗುಂಪನ್ನು ತಿಂಗಳಿಗೊಮ್ಮೆ ಕರೆದು, ಊದಿದ ಕೀಲುಗಳನ್ನು ಎಣಿಸಿ, ಗುರಿ ಮುಟ್ಟಿರದಿದ್ದರೆ ಆವತ್ತೇ ಔಷಧಿ ಏರಿಸಿದರು, ಊದಿದ ಕೀಲಿಗೆ ಇಂಜೆಕ್ಷನ್ ಕೊಟ್ಟರು. ಬಳಸಿದ್ದೆಲ್ಲ ಹಳೆಯ ಮಾತ್ರೆಗಳೇ, ಜೀವಕೋಶಗಳಿಂದ ತಯಾರಿಸುವ ದುಬಾರಿ ಬಯಾಲಜಿಕ್ ಔಷಧಿ ಒಂದೂ ಇಲ್ಲ. 18 ತಿಂಗಳಾದಾಗ ಮಾಮೂಲಿ ಗುಂಪಿನಲ್ಲಿ 16% ಮಂದಿಗೆ ಕಾಯಿಲೆ ಪೂರ್ತಿ ತಹಬಂದಿಗೆ ಬಂದಿತ್ತು, ಬೆನ್ನುಬಿಡದೆ ನೋಡಿದ ಗುಂಪಿನಲ್ಲಿ 65%. ಹೊಸ ಔಷಧಿ ಬಂದಾಗ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಕೀಲು ಎಣಿಸಿ, ತಿಂಗಳು ತಿಂಗಳು ನೋಡುವುದರಿಂದ ಇಷ್ಟು ವ್ಯತ್ಯಾಸ ಆಗುತ್ತದೆ ಎಂಬುದು ಸುದ್ದಿಯಾಗಲೇ ಇಲ್ಲ. ತಾಯಿಯನ್ನು ನೋಡುವ ವೈದ್ಯರು ಪ್ರತಿ ಸಲ ಬೆರಳು ಮುಟ್ಟಿ, ಒತ್ತಿ, ಎಣಿಸುತ್ತಾರಾ ಗಮನಿಸಿ.

ಅದೇ ಸದಸ್ಯರು: ತೋರಿಸಿಕೊಂಡು ಬಂದೆವು ಡಾಕ್ಟ್ರೇ. ರುಮಟಾಯ್ಡ್ ಅಂದರು. ಮೆಥೋಟ್ರೆಕ್ಸೇಟ್ ಬರೆದಿದ್ದಾರೆ. ಮೆಡಿಕಲ್ ಶಾಪ್‌ನವರು ಇದು ಕ್ಯಾನ್ಸರ್ ಮಾತ್ರೆ ಅಂದರಂತೆ, ಅಮ್ಮ ಮುಟ್ಟೋಕೇ ಒಪ್ತಿಲ್ಲ.

ಉತ್ತರ: ಕ್ಯಾನ್ಸರ್‌ಗೂ ಕೊಡುತ್ತಾರೆ, ನಿಜ. ಅಲ್ಲಿ ಪ್ರಮಾಣ ತೀರಾ ಬೇರೆ. ಕೀಲಿಗೆ ಕೊಡುವುದು ವಾರಕ್ಕೊಮ್ಮೆ, ಹೆಚ್ಚೆಂದರೆ 25 ಮಿಲಿಗ್ರಾಂ. 1980ರ ದಶಕದಿಂದ ಇದರ ಮೇಲೆ ಪ್ರಯೋಗಗಳು ನಡೆದಿವೆ, ಇವತ್ತಿಗೂ ಮೊದಲ ಆಯ್ಕೆ ಇದೇ. ಎಲ್ಲಕ್ಕಿಂತ ದೊಡ್ಡ ಅಪಾಯ ಒಂದು ತಪ್ಪಿನಲ್ಲಿದೆ: ವಾರದ ಮಾತ್ರೆಯನ್ನು ದಿನಾ ನುಂಗುವುದು. ಅದರಿಂದ ಪ್ರಾಣ ಹೋಗಿರುವ ಉದಾಹರಣೆಗಳಿವೆ. "ಪ್ರತಿ ಭಾನುವಾರ ಮಾತ್ರ" ಎಂದು ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ನೀವೇ ಬರೆದು ಅಂಟಿಸಿ. ಫೋಲಿಕ್ ಆಸಿಡ್ ಬೇರೆ ದಿನ. ರಕ್ತಕಣ, ಲಿವರ್, ಕ್ರಿಯಾಟಿನಿನ್ ಪರೀಕ್ಷೆ ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಆಗಬೇಕು. ಪರಿಣಾಮಕ್ಕೆ ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ, ನಡುವೆ ಬಿಡಬೇಡಿ. ಇದನ್ನು ಓದುತ್ತಿರುವ ಕಿರಿಯ ಹೆಣ್ಣುಮಕ್ಕಳಿಗೆ: ಬಸಿರಿನಲ್ಲಿ ಈ ಮಾತ್ರೆ ಕೂಡದು. ಮಗು ಬೇಕೆಂದುಕೊಂಡಾಗಲೇ ವೈದ್ಯರಿಗೆ ಹೇಳಿ, ಅವರು ಬೇರೆ ಔಷಧಿಗೆ ಬದಲಿಸುತ್ತಾರೆ.

ಪ್ರಶ್ನೆ: ನನಗೆ ಆರು ವರ್ಷದಿಂದ ಲೂಪಸ್ ಇದೆ. ನಮ್ಮ ಡಾಕ್ಟರ್ ಒಂದು ಹೊಸ ಔಷಧಿಯ ಟ್ರಯಲ್‌ಗೆ ಸೇರುತ್ತೀರಾ ಎಂದು ಕೇಳಿದ್ದಾರೆ. ಅರ್ಧ ಜನಕ್ಕೆ ಪ್ಲಸೀಬೊ ಅಂತೆ. ನನಗೆ ಬರೀ ನೀರಿನ ಇಂಜೆಕ್ಷನ್ ಸಿಕ್ಕರೆ ಒಂದು ವರ್ಷ ಕಾಯಿಲೆ ಹೆಚ್ಚಾಗುತ್ತಾ ಕೂರಬೇಕಾ?

ಉತ್ತರ: ಈ ಭಯ ನ್ಯಾಯವಾದದ್ದು. ಲೂಪಸ್‌ನ ಬಹುಪಾಲು ಟ್ರಯಲ್‌ಗಳಲ್ಲಿ ಪ್ಲಸೀಬೊ ಗುಂಪಿನವರ ಹಳೆಯ ಔಷಧಿ ನಿಲ್ಲಿಸುವುದಿಲ್ಲ. ಹೈಡ್ರಾಕ್ಸಿಕ್ಲೊರೊಕ್ವಿನ್ ಮುಂತಾದವು ನಡೆಯುತ್ತಲೇ ಇರುತ್ತವೆ, ಅದರ ಮೇಲೆ ಒಬ್ಬರಿಗೆ ಹೊಸದು, ಒಬ್ಬರಿಗೆ ಪ್ಲಸೀಬೊ. ನಿಮ್ಮ ಟ್ರಯಲ್ ಹಾಗೇ ಇದೆಯಾ ಎಂದು ಮೊದಲು ಕೇಳಿ.

ಪ್ಲಸೀಬೊ ಯಾಕೆ ಬೇಕು ಎಂಬುದಕ್ಕೆ ಅನಿಫ್ರೊಲುಮಾಬ್ ಎಂಬ ಲೂಪಸ್ ಔಷಧಿಯ ಕತೆ ಹೇಳುತ್ತೇನೆ. ಟ್ಯೂಲಿಪ್-1 ಎಂಬ ಟ್ರಯಲ್‌ನಲ್ಲಿ, ಒಂದು ಅಳತೆಯ ಪ್ರಕಾರ, ಔಷಧಿ ಪಡೆದವರಲ್ಲಿ 36% ಸುಧಾರಿಸಿದರು, ಪ್ಲಸೀಬೊ ಪಡೆದವರಲ್ಲಿ 40%. ಹೋಲಿಸಲು ಆ ಗುಂಪು ಇರದಿದ್ದರೆ 36% ಎಂಬುದನ್ನೇ ಗೆಲುವು ಎಂದು ಸಾರುತ್ತಿದ್ದರು. ಲೂಪಸ್ ತಾನಾಗಿಯೂ ಏರಿಳಿಯುತ್ತದೆ, ಹಳೆಯ ಔಷಧಿಗಳೂ ಕೆಲಸ ಮಾಡುತ್ತಿರುತ್ತವೆ, ಜೊತೆಗೆ ಟ್ರಯಲ್‌ನಲ್ಲಿ ಎಲ್ಲರನ್ನೂ ಹೆಚ್ಚು ಗಮನವಿಟ್ಟು ನೋಡುತ್ತಾರೆ. ಆಮೇಲೆ ಟ್ಯೂಲಿಪ್-2ರಲ್ಲಿ, ಫಲಿತಾಂಶ ತೆರೆದು ನೋಡುವ ಮೊದಲೇ, ಮುಖ್ಯ ಅಳತೆಯನ್ನು ಬದಲಿಸಿದರು. ಅಲ್ಲಿ ಔಷಧಿ ಪಡೆದವರಲ್ಲಿ ಸುಮಾರು 48%, ಪ್ಲಸೀಬೊ ಪಡೆದವರಲ್ಲಿ 32% ಸುಧಾರಿಸಿದರು. 2021ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅಂದರೆ ಲೂಪಸ್‌ನಲ್ಲಿ ಔಷಧಿ ಹುಡುಕುವಷ್ಟೇ ಕಷ್ಟ ಸುಧಾರಣೆ ಎಂಬುದನ್ನು ಅಳೆಯುವುದು. ಚರ್ಮ, ಕೀಲು, ಮೂತ್ರಪಿಂಡ, ಒಬ್ಬೊಬ್ಬರಿಗೆ ಒಂದೊಂದು ಕಡೆ ತಟ್ಟುವ ಕಾಯಿಲೆಯನ್ನು ಒಂದೇ ಸಂಖ್ಯೆಗೆ ಇಳಿಸಬೇಕಲ್ಲ.

ಸಹಿ ಹಾಕುವ ಮುಂಚೆ ಇವನ್ನು ಕೇಳಿ: ಕಾಯಿಲೆ ಕೆರಳಿದರೆ ಯಾವ ಚಿಕಿತ್ಸೆ ಕೊಡುತ್ತೀರಿ, ಅದನ್ನು ಯಾರು ತೀರ್ಮಾನಿಸುತ್ತಾರೆ? ಸ್ಟೀರಾಯ್ಡ್ ಕಮ್ಮಿ ಮಾಡಲೇಬೇಕೆಂಬ ನಿಯಮ ಇದೆಯಾ? ಅಡ್ಡಪರಿಣಾಮವಾದರೆ ಖರ್ಚು ಯಾರದು? ಟ್ರಯಲ್ ಮುಗಿದ ಮೇಲೆ ಆ ಔಷಧಿ ನನಗೆ ಸಿಗುತ್ತದಾ? ಒಪ್ಪಿಗೆ ಪತ್ರವನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಮನೆಗೆ ತಂದು ಓದಿ. ಯಾವ ದಿನ ಬೇಕಾದರೂ, ಕಾರಣ ಹೇಳದೆ ಹೊರಬರಬಹುದು. ಅದರಿಂದ ನಿಮ್ಮ ಮಾಮೂಲಿ ಚಿಕಿತ್ಸೆಗೆ ಅಡ್ಡಿಯಾಗಬಾರದು. ಈ ಮಾತನ್ನು ಹೇಳಲು ಹಿಂಜರಿಯುವ ಕಡೆ ಸೇರಬೇಡಿ.

ಪ್ರಶ್ನೆ: ಜರ್ಮನಿಯಲ್ಲಿ ಲೂಪಸ್ ಪೂರ್ತಿ ವಾಸಿ ಮಾಡಿದ್ದಾರಂತೆ, ಕಾರ್-ಟಿ ಅಂತ. ನಿಜವಾ ಮೇಡಂ?

ಉತ್ತರ: ಅದು ಜರ್ಮನಿಯ ಎರ್ಲಾಂಗೆನ್ ನಗರದ ತಂಡದ ಕೆಲಸ. ರೋಗಿಯದೇ ಟಿ-ಕಣಗಳನ್ನು (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ತೆಗೆದು, ಪ್ರತಿಕಾಯ ತಯಾರಿಸುವ ಬಿ-ಕಣಗಳನ್ನು ಗುರುತಿಸಿ ಕೊಲ್ಲುವಂತೆ ಮಾರ್ಪಡಿಸಿ ಮತ್ತೆ ದೇಹಕ್ಕೆ ಬಿಡುತ್ತಾರೆ. 2024ರಲ್ಲಿ 15 ಮಂದಿಯ ವರದಿ ಬಂತು, ಅವರಲ್ಲಿ ಲೂಪಸ್‌ನವರು 8. ಎಂಟೂ ಮಂದಿಯ ಕಾಯಿಲೆ ಹಿಡಿತಕ್ಕೆ ಬಂತು, ಔಷಧಿಗಳನ್ನೂ ನಿಲ್ಲಿಸಿದರು. ಓದಿದಾಗ ನನಗೂ ಮೈ ಜುಮ್ಮೆಂದಿತು. ಆದರೆ ಹೋಲಿಕೆಯ ಗುಂಪಿಲ್ಲ, ಸಂಖ್ಯೆ ಸಣ್ಣದು, ನೋಡಿದ ಅವಧಿಯೂ ಚಿಕ್ಕದು. "ವಾಸಿ" ಎನ್ನಲು ಇನ್ನೂ ವರ್ಷಗಳು ಬೇಕು. ಇದನ್ನು ನಂಬಿ ಇರುವ ಮಾತ್ರೆ ಬಿಡಬೇಡಿ.

ಪ್ರಶ್ನೆ: ನಮ್ಮಕ್ಕನಿಗೆ ರುಮಟಾಯ್ಡ್ ಇದೆ. ನನಗೂ ಕೈ ನೋವು ಅಂತ ಪರೀಕ್ಷೆ ಮಾಡಿದರೆ ಆಂಟಿ-ಸಿಸಿಪಿ ತುಂಬ ಹೆಚ್ಚು ಬಂದಿದೆ. ಊತ ಒಂದೂ ಇಲ್ಲ. ಈಗಲೇ ಚಿಕಿತ್ಸೆ ಶುರು ಮಾಡಿದರೆ ಬರದಂತೆ ತಡೆಯಬಹುದಾ?

ಉತ್ತರ: ಈಗ ಸಂಶೋಧಕರೆಲ್ಲ ಬೆನ್ನುಹತ್ತಿರುವ ಪ್ರಶ್ನೆ ಇದೇ. ಎಎನ್‌ಎಗೆ ಹೇಳಿದ ಸಮಾಧಾನ ನಿಮಗೆ ಪೂರ್ತಿ ಒಪ್ಪುವುದಿಲ್ಲ. ಸಿಸಿಪಿ ಆರೋಗ್ಯವಂತರಲ್ಲಿ ತೀರಾ ಕಮ್ಮಿ. ಮಟ್ಟ ಹೆಚ್ಚಿದ್ದು, ಜೊತೆಗೆ ಕೀಲು ನೋವೂ ಇದ್ದರೆ ಮುಂದೆ ಕಾಯಿಲೆ ಬರುವ ಸಾಧ್ಯತೆ ನಿಜಕ್ಕೂ ಹೆಚ್ಚು.

ನಿಮ್ಮಂಥವರನ್ನೇ ಸೇರಿಸಿಕೊಂಡು ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನಲ್ಲಿ ನಡೆದ ಅಪಿಪ್ರಾ ಎಂಬ ಟ್ರಯಲ್ 2024ರಲ್ಲಿ ಪ್ರಕಟವಾಯಿತು. 213 ಮಂದಿಗೆ ಒಂದು ವರ್ಷ ಅಬಾಟಸೆಪ್ಟ್ ಎಂಬ ರುಮಟಾಯ್ಡ್ ಔಷಧಿ ಅಥವಾ ಪ್ಲಸೀಬೊ. ವರ್ಷದ ಕೊನೆಗೆ ಕಾಯಿಲೆ ಬಂದವರು ಔಷಧಿ ಗುಂಪಿನಲ್ಲಿ 6%, ಪ್ಲಸೀಬೊದಲ್ಲಿ 29%. ಔಷಧಿ ನಿಲ್ಲಿಸಿ ಮತ್ತೊಂದು ವರ್ಷವಾದಾಗ 25% ಮತ್ತು 37%. ಅಂದರೆ ತಳ್ಳಿ ಮುಂದಕ್ಕೆ ಹಾಕಬಹುದು, ಕೆಲವರಲ್ಲಿ ತಪ್ಪಿಸಲೂಬಹುದೇನೋ. ಪ್ಲಸೀಬೊ ಪಡೆದವರಲ್ಲೂ 63% ಮಂದಿಗೆ ಎರಡು ವರ್ಷದಲ್ಲಿ ಕಾಯಿಲೆ ಬರಲಿಲ್ಲ ಎಂಬುದನ್ನೂ ನೋಡಿ. ಎಲ್ಲರಿಗೂ ಕೊಟ್ಟರೆ ಅವರೆಲ್ಲ ಬೇಡದ ಔಷಧಿ, ಅದರ ಸೋಂಕಿನ ಅಪಾಯ ಹೊತ್ತಂತೆ. ಹಾಗಾಗಿ ಟ್ರಯಲ್‌ನ ಹೊರಗೆ ನಾನು ಈಗಲೇ ಶುರು ಮಾಡುವುದಿಲ್ಲ.

ನಿಮ್ಮ ಕೈಯಲ್ಲಿರುವುದು ಸಿಗರೇಟು ಸೇದುತ್ತಿದ್ದರೆ ಇವತ್ತೇ ಬಿಡುವುದು. ಸಿಸಿಪಿ ಮತ್ತು ಹೊಗೆಯ ನಂಟು ಗಟ್ಟಿಯಾಗಿ ಸಾಬೀತಾಗಿದೆ. ಆರು ತಿಂಗಳಿಗೊಮ್ಮೆ ರುಮಟಾಲಜಿಸ್ಟ್‌ಗೆ ಕೈ ತೋರಿಸಿ. ಬೆಳಿಗ್ಗೆ ಬಿಗಿತ ಶುರುವಾದರೆ, ಉಂಗುರ ಬಿಗಿಯಾದರೆ, ಗಂಟು ಒತ್ತಿದಾಗ ಮೆತ್ತಗೆ ಊದಿದಂತಿದ್ದರೆ ಆ ಆರು ತಿಂಗಳು ಕಾಯದೆ ಅದೇ ವಾರ ಹೋಗಿ. ಊದಿದ ದಿನವೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ನಮ್ಮ ಹತ್ತಿರ ಬರುವ ಹೊತ್ತಿಗೆ ಎಷ್ಟೋ ಸಲ ಊತ ಇಳಿದಿರುತ್ತದೆ.