‘ದಿ ಕ್ವಾಯಟ್ ಮ್ಯಾನ್’: ಮೇರಿ ಕೇಟ್ ವರದಕ್ಷಿಣೆಗೆ ಅಷ್ಟು ಹಟ ಯಾಕೆ ಹಿಡಿಯುತ್ತಾಳೆ?

ಉಣಕಲ್‌ ಹುಡುಗ:
ಜಾನ್ ಫೋರ್ಡ್ ಅವರ 1952ರ ಈ ಸಿನಿಮಾ ನೋಡಿದವರು ಸ್ವಲ್ಪ ಹೇಳಿ. ಅಮೆರಿಕಕ್ಕೆ ಹೋಗಿದ್ದ ಶಾನ್ (ಜಾನ್ ವೇಯ್ನ್) ಐರ್ಲೆಂಡಿನ ಹುಟ್ಟೂರಿಗೆ ವಾಪಸ್ ಬರುತ್ತಾನೆ, ತಾನು ಹುಟ್ಟಿದ ಮನೆಯನ್ನೇ ಕೊಳ್ಳುತ್ತಾನೆ, ಕುರಿ ಮೇಯಿಸುತ್ತಿದ್ದ ಮೇರಿ ಕೇಟ್‌ಳನ್ನು (ಮೌರೀನ್ ಒಹಾರಾ) ಕಂಡ ಕೂಡಲೇ ಮನಸೋಲುತ್ತಾನೆ. ಅಲ್ಲಿಯವರೆಗೂ ಭಾಳ ಚೆಂದ. ಮದುವೆಯ ದಿನ ಅವಳ ಅಣ್ಣ ದುಡ್ಡು ಕೊಡಲ್ಲ ಅಂತಾನೆ. ಗಂಡ ಅದು ಬೇಡವೇ ಬೇಡ ಅಂದರೂ ಇವಳು ಬಿಡುವುದಿಲ್ಲ! ನಮ್ಮಲ್ಲಿ ವರದಕ್ಷಿಣೆ ಬೇಡ ಅನ್ನುವ ಗಂಡು ಸಿಕ್ಕರೆ ದೇವರು ಸಿಕ್ಕ ಹಾಗೆ. ಅವ್ವನ ಜೊತೆ ಕೂತು ನೋಡಿದೆ, ಅವ್ವ ಪೂರ್ತಿ ಅವಳ ಕಡೆ. ನನಗೆ ಮಾತ್ರ ಒಪ್ಪಿಗೆಯಾಗಲಿಲ್ಲ.

ಗದಗಿನ ಸೊಸೆ:
ನಿಮ್ಮ ಅವ್ವ ಹೇಳಿದ್ದೇ ಸರಿ. ಅದು ಗಂಡನ ಮನೆಯವರು ಕೇಳಿದ ದುಡ್ಡಲ್ಲ, ಅವಳದೇ ಪಾಲು. ಅಣ್ಣನ ಮನೆಯಲ್ಲಿ ವರ್ಷಗಟ್ಟಲೆ ಅಡಿಗೆ ಮಾಡಿ, ಬಟ್ಟೆ ಒಗೆದು ದುಡಿದವಳು. ಅದು ಕೈಗೆ ಬರುವ ತನಕ ತಾನು ಹೆಂಡತಿಯಲ್ಲ, ಮೊದಲಿನ ಹಾಗೇ ಆಳು ಅಂತ ಅವಳೇ ಹೇಳುತ್ತಾಳೆ. ಅವಳ ಪಾಲಿನ ಮೇಜು ಕುರ್ಚಿ ಮನೆಗೆ ಬಂದಾಗ ಅವಳ ಮುಖ ನೋಡಿ. ತವರಿನಿಂದ ಬಾಂಡೆ, ತಿಜೋರಿ ತಂದ ಹೆಣ್ಣುಮಕ್ಕಳನ್ನು ಕೇಳಿ ನೋಡಿ, ಎಷ್ಟು ವರ್ಷವಾದರೂ ‘ಇದು ನಂದು’ ಅಂತ ಕೈಯಿಟ್ಟು ತೋರಿಸುತ್ತಾರೆ.

ಉಣಕಲ್‌ ಹುಡುಗ:
ಹಾಗಾದರೆ ಕೊನೆಗೆ ಆ ದುಡ್ಡನ್ನು ಬೆಂಕಿಗೆ ಹಾಕುವುದು ಯಾಕೆ ಅಕ್ಕಾ?

ಗದಗಿನ ಸೊಸೆ:
ಅಲ್ಲೇ ಇದೆ ನೋಡಿ. ಬಾಯ್ಲರ್‌ ಬಾಗಿಲು ತೆರೆಯುವುದು ಅವಳೇ, ದುಡ್ಡು ಒಳಗೆ ಎಸೆಯುವುದು ಅವನು. ಒಂದು ಮಾತೂ ಆಡದೆ ಇಬ್ಬರಿಗೂ ಅರ್ಥವಾಗುತ್ತದೆ. ಗಂಡ ತನ್ನ ಪರವಾಗಿ ನಿಂತು ಕೇಳಬೇಕಿತ್ತು, ಅಷ್ಟೇ. ಆಮೇಲೆ ತಲೆಯೆತ್ತಿಕೊಂಡು ಅಡಿಗೆ ಮಾಡಲು ಮನೆಗೆ ಹೋಗುತ್ತಾಳಲ್ಲ, ಆ ನಡಿಗೆ ನನಗೆ ಬಹಳ ಇಷ್ಟ.

ಧಾರವಾಡ ವಕೀಲ:
ನಮ್ಮ 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 6ನೇ ಕಲಂ ಓದಿ. ವರದಕ್ಷಿಣೆಯನ್ನು ಬೇರೆ ಯಾರೇ ಪಡೆದಿದ್ದರೂ ಅದನ್ನು ಆ ಹೆಣ್ಣುಮಗಳಿಗೇ ಒಪ್ಪಿಸಬೇಕು. ತಗೊಳ್ಳುವುದು ಅಪರಾಧ, ಆದರೂ ತಗೊಂಡದ್ದು ಅವಳದು. ಮೇರಿ ಕೇಟ್ ಕೇಳುವುದರಲ್ಲೂ ಆ ನ್ಯಾಯವೇ ಇದೆ.
ಆದರೆ ಶಾನ್‌ನನ್ನೂ ಹೇಡಿ ಅನ್ನಬೇಡಿ. ಅವನು ಬಾಕ್ಸರ್ ಆಗಿದ್ದವನು, ಕಣದಲ್ಲಿ ಅವನ ಏಟಿಗೆ ಎದುರಾಳಿ ಸತ್ತಿದ್ದಾನೆ. ದುಡ್ಡಿಗಾಗಿ ಇನ್ನೊಮ್ಮೆ ಕೈಯೆತ್ತಲಾರೆ ಅಂತ ಕೂತಿದ್ದಾನೆ. ಅದನ್ನು ಹೆಂಡತಿಗೆ ಹೇಳದೆ ಊರಿನ ಪ್ರೊಟೆಸ್ಟೆಂಟ್ ಪಾದ್ರಿಯ ಹತ್ತಿರ ಮಾತ್ರ ಬಾಯಿಬಿಡುತ್ತಾನೆ. ಅವಳಿಗೆ ಅವನ ಭಯ ಗೊತ್ತಿಲ್ಲ, ಅವನಿಗೆ ಅವಳ ಮರ್ಯಾದೆಯ ಪ್ರಶ್ನೆ ತಿಳಿಯುತ್ತಿಲ್ಲ. ಜಗಳದ ಬೇರು ಅಲ್ಲಿದೆ.

ಹಾವೇರಿ ಸಿನಿಮಾಪ್ರೇಮಿ:
ಇದೆಲ್ಲ ಒಪ್ಪಿದೆ. ಆದರೆ ಶಾನ್ ರೈಲ್ವೆ ಸ್ಟೇಷನ್ನಿನಿಂದ ಅವಳನ್ನು ಎಳೆದುಕೊಂಡು ಬರುವುದನ್ನು ನನಗೆ ಸಹಿಸಲಾಗುವುದಿಲ್ಲ. ದಾರಿಯಲ್ಲಿ ಒಬ್ಬ ಹೆಂಗಸೇ ಹೊಡೆಯಲು ಕೋಲು ತಂದುಕೊಡುತ್ತಾಳೆ, ಊರೆಲ್ಲ ನಗುತ್ತಾ ಹಿಂದೆ ಬರುತ್ತದೆ. ಅವಳ ಮರ್ಯಾದೆಗಾಗಿಯೇ ನಡೆಯುವ ಕಥೆಯಲ್ಲಿ ಅವಳನ್ನೇ ಹೊಲದಲ್ಲಿ ಎಳೆದಾಡಿದರೆ ಹೇಗೆ? ಆ ಕಾಲ ಹಾಗಿತ್ತು ಅಂತ ಸುಮ್ನೆ ಬಿಡಲು ಮನಸ್ಸು ಬರುವುದಿಲ್ಲ.
ಬಣ್ಣ, ಬೆಳಕಿನ ಬಗ್ಗೆ ಎರಡು ಮಾತಿಲ್ಲ. ಮೇಯೋ ಜಿಲ್ಲೆಯ ಕಾಂಗ್ ಊರಿನ ಸುತ್ತಮುತ್ತ ಚಿತ್ರೀಕರಣ ಮಾಡಿದ್ದಾರೆ, ಛಾಯಾಗ್ರಹಣಕ್ಕೂ ನಿರ್ದೇಶನಕ್ಕೂ ಆಸ್ಕರ್ ಬಂತು. ಫೋರ್ಡ್ ಅವರ ಅಪ್ಪ ಅವ್ವ ಐರ್ಲೆಂಡಿನಿಂದ ಅಮೆರಿಕಕ್ಕೆ ವಲಸೆ ಹೋದವರು. ಅದಕ್ಕೇ ಇರಬೇಕು, ಅಲ್ಲಿ ಹಸಿರು ಜಾಸ್ತಿ, ಬಡತನ ಕಾಣುವುದೇ ಇಲ್ಲ. ದೂರದಲ್ಲಿ ಬೆಳೆದ ಮಗ ಮನೆಯವರ ಬಾಯಲ್ಲಿ ಕೇಳಿದ ಊರು ಅದು. ಪುಣೆ, ಬೆಂಗಳೂರಿನಲ್ಲಿ ಹುಟ್ಟಿದ ನಮ್ಮ ಅಣ್ಣತಮ್ಮಂದಿರ ಮಕ್ಕಳೂ ಹಾವೇರಿ ಅಂದರೆ ಅಂಥದ್ದೇ ಊರು ಅಂದುಕೊಂಡಿರುತ್ತಾರೆ. ಅವರಿಗೆ ಈ ಸಿನಿಮಾ ತೋರಿಸಿ, ಆದರೆ ಆ ಎಳೆದಾಟ ಬಂದಾಗ ನಿಲ್ಲಿಸಿ ಒಂದೆರಡು ಮಾತು ಆಡಿ.